ಹೊಸ ಮನೆಗೊಂದು ನೂಲು

ಆ ಊರಿನಲ್ಲಿ ಮಾತು ಹೊಸಿಲು ದಾಟುವುದಿಲ್ಲ.

ಒಳಗೆ ಆಡಿದ್ದು ಒಳಗೇ ಉಳಿಯುತ್ತದೆ. ಹೊರಗೆ ಕೂಗಿದ್ದು ಹೊರಗೇ ಬೀಳುತ್ತದೆ. ಬಾಗಿಲು ತೆರೆದಿರಲಿ, ಮುಚ್ಚಿರಲಿ, ವ್ಯತ್ಯಾಸವಿಲ್ಲ. ಕದ ತಟ್ಟಿದ ಸದ್ದೂ ಒಳಗೆ ಬಾರದು. ಹೊಸಿಲ ಆಚೆ ನಿಂತವರ ತುಟಿ ಅಲುಗುವುದು ಕಾಣುತ್ತದೆ, ಅಷ್ಟೆ. ಮಾತಾಡಬೇಕಾದರೆ ಇಬ್ಬರಲ್ಲಿ ಒಬ್ಬರು ಕಾಲೆತ್ತಿ ಹೊಸಿಲು ದಾಟಬೇಕು.

ದೂರದವರೊಡನೆ ಮಾತಾಡಲು ನೂಲು ಬೇಕು. ಅದರ ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟುತ್ತಾರೆ. ಅದು ಕಿಟಕಿಯಿಂದ ಬೀದಿಯ ಕಂಬಕ್ಕೆ, ಕಂಬದಿಂದ ಗುಡ್ಡಕ್ಕೆ, ಗುಡ್ಡದಿಂದ ನೆಂಟರಿರುವ ಊರಿಗೆ ಹೋಗುತ್ತದೆ. ನೂಲಿಗೆ ತುಟಿ ತಾಗಿಸಿ ಆಡಿದ್ದು ಅಲ್ಲಿ ಕೇಳುತ್ತದೆ, ಪಕ್ಕದ ಸದ್ದೂ ನೂಲು ಹಿಡಿದು ಹೋಗುತ್ತದೆ. ಒಬ್ಬರಿಗೆ ಒಂದೇ ನೂಲು. ಮನೆ ಬಿಡುವ ದಿನ ನೂಲಿಗೆ ಬಾಯಿಟ್ಟು ‘ಮುಗಿಯಿತು’ ಎಂದು ಮೂರು ಸಲ ಹೇಳಬೇಕು. ಹೇಳಿದ ಮೇಲೆಯೇ ಅದನ್ನು ಕತ್ತರಿಸುತ್ತಾರೆ.

ಈ ಕಟ್ಟಳೆಯನ್ನು ಮಾಡಿದವರು ಯಾರೆಂದು ಯಾರಿಗೂ ಗೊತ್ತಿಲ್ಲ. ಯಾರೂ ಕೇಳಿಯೂ ಇಲ್ಲ.

ಊರ ಕೆರೆಯ ನೀರು ಅಳೆಯುವವಳೊಬ್ಬಳಿದ್ದಳು. ದಿನಾ ಬೆಳಿಗ್ಗೆ ಗೆರೆ ಹಾಕಿದ ಕೋಲನ್ನು ಕೆರೆಯಲ್ಲಿ ಇಳಿಸಿ, ನೀರು ಯಾವ ಗೆರೆಯವರೆಗೆ ಬಂತೆಂದು ಬರೆದಿಡುವುದು ಅವಳ ಕೆಲಸ. ಹುಟ್ಟಿದ ಲಾಗಾಯ್ತು ಒಂದೇ ಬಾಡಿಗೆ ಮನೆಯಲ್ಲಿದ್ದಳು. ಒಂದು ದಿನ ಮನೆಯೊಡೆಯ ಮನೆ ಬಿಡಿ ಎಂದ. ಅವಳು ಗಾಡಿ ತರಿಸಿದಳು. ಪಾತ್ರೆಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ ಕಟ್ಟಿದಳು. ಇನ್ನೇನು ಹೊರಡಬೇಕು, ಆಗ ನೂಲು ಮಿಡಿಯಿತು. ಅಣ್ಣನ ದನಿ.

“ಹೆಣ್ಣುಮಗು. ಈಗ್ತಾನೆ. ಇನ್ನು ನೀನು ಸೋದರತ್ತೆ ಕಣೇ.”

ಅವಳು ನಗುತ್ತಾ ಅಳತೊಡಗಿದಳು.

“ಹನ್ನೆರಡನೇ ದಿನ, ಮಧ್ಯಾಹ್ನ. ಮರೀಬೇಡ,” ಎಂದ ಅಣ್ಣ.

“ಮರೆಯೋಕೆ ನಾನೇನು ನಮ್ಮತ್ತೆನಾ?”

ಆ ಸಂಭ್ರಮದಲ್ಲಿ ಗಾಡಿ ಹತ್ತಿ ಕುಳಿತಳು. ಗಾಡಿ ಹೊರಟಿತು. ಅಂದಿನಿಂದ ಅವಳು ಸೋದರತ್ತೆ.

ಹುಟ್ಟಿದ ಹನ್ನೆರಡನೆಯ ದಿನ, ಸೂರ್ಯ ನೆತ್ತಿಗೆ ಬಂದಾಗ, ಮಗುವಿನ ಕಿವಿ ತೆರೆಯುತ್ತದೆ. ಆ ಗಳಿಗೆಯಲ್ಲಿ ಅದು ಮೊದಲು ಕೇಳಿದ್ದೇ ಅದರ ಹೆಸರು. ಮನುಷ್ಯರ ಮಾತುಗಳಲ್ಲಿ ಸೋದರತ್ತೆಯ ಮಾತೊಂದೇ ಆಗ ಅದಕ್ಕೆ ಕೇಳಿಸುವುದು. ಅವಳು ಸುಮ್ಮನಿದ್ದರೆ ಸುತ್ತಲಿನ ವಸ್ತುಗಳ ಸದ್ದು ಒಳಗೆ ಹೋಗುತ್ತದೆ.

ಅಣ್ಣನ ಹನ್ನೆರಡನೆಯ ದಿನ ಅವನ ಸೋದರತ್ತೆ ಅರಿಶಿನದ ಬಟ್ಟಲು ತರಲೆಂದು ಎದ್ದು ಹೋಗಿದ್ದಳು. ಬಾಗಿಲು ಕಿರುಗುಟ್ಟಿತು. ಅದೇ ಅವನ ಹೆಸರಾಯಿತು. ಶಾಲೆಯಲ್ಲಿ ಹಾಜರಿ ಕರೆಯುವಾಗ ಅವನ ಸರದಿ ಬಂದರೆ ಮೇಷ್ಟ್ರು ಕುರ್ಚಿಯಿಂದ ಎದ್ದು ಹೋಗಿ ಬಾಗಿಲು ಅಲುಗಿಸುತ್ತಿದ್ದರು. ಅವನ ಮದುವೆಯ ಕರೆಯೋಲೆಯಲ್ಲಿ ವರನ ಹೆಸರಿನ ಜಾಗ ಖಾಲಿ ಇತ್ತು. ಹೆಂಡತಿ ಅವನನ್ನು ‘ಇಲ್ನೋಡಿ’ ಎನ್ನುತ್ತಾಳೆ. ತಂಗಿ ಅಣ್ಣ ಎನ್ನುತ್ತಾಳೆ. ಅವನಾಗಿ ಯಾರ ಬಳಿಯೂ ಏನನ್ನೂ ಕೇಳಿದವನಲ್ಲ. ಇದೊಂದನ್ನು ಮಾತ್ರ ಅವಳ ಬಳಿ ಕೇಳಿಕೊಂಡಿದ್ದ.

ಅಣ್ಣನ ಊರು ಹದಿನೈದು ದಿನದ ದಾರಿ. ಉಳಿದಿರುವುದು ಹನ್ನೆರಡು ದಿನ. ಸೋದರತ್ತೆ ಲೆಕ್ಕ ಹಾಕಿದಳು. ಹೊಸ ಮನೆಗೆ ನೂಲು ಬೇಕು.

ಹೊಸ ಮನೆ ಸಣ್ಣದು, ಬೀದಿಯ ಕೊನೆಯದು. ಕಿಟಕಿಯ ಸರಳಿಗೆ ಒಂದು ಹಳೆಯ ನೂಲು ಕಟ್ಟಿತ್ತು, ಯಾವ ಬಣ್ಣವೆಂದು ಹೇಳಲಾಗದಷ್ಟು ಮಾಸಿತ್ತು. ಬೇರೆಯವರ ನೂಲನ್ನು ಮುಟ್ಟಬಾರದು. ಸಂಜೆ ಅದು ಸಣ್ಣಗೆ ಗುಂಯ್‌ಗುಟ್ಟಿತು. ಮನೆಯ ವಸ್ತುಗಳ ಪಟ್ಟಿಯಲ್ಲಿ ಅದರ ಮುಂದೆ ‘ಗಾಳಿ’ ಎಂದು ಬರೆದಳು.

ಅದೇ ಹೊತ್ತಿಗೆ ಬೀದಿಯಲ್ಲಿ ಜನ ಓಡಾಡತೊಡಗಿದರು. ಒಬ್ಬೊಬ್ಬರೂ ತಮ್ಮ ಮನೆಯಿಂದ ಹೊರಟು ಇನ್ನಾವುದೋ ಮನೆಯ ಕಡೆ ತಲೆ ತಗ್ಗಿಸಿ ನಡೆಯುತ್ತಿದ್ದರು. ಇದನ್ನು ಅವಳು ಚಿಕ್ಕಂದಿನಿಂದ ನೋಡಿದ್ದಳು. ಗಾಳಿ ಸೇವನೆಗೆ ಹೋಗುತ್ತಾರೆ ಎಂದು ಅಜ್ಜಿ ಹೇಳಿದ್ದಳು. ಎದುರು ಗೋಡೆಗೆ ಒರಗಿ ಒಬ್ಬ ಮನುಷ್ಯ ಮಡಿಚಿದ ಕೊಡೆ ಹಿಡಿದು ನಿಂತು ಅವಳ ಕಿಟಕಿಯನ್ನೇ ನೋಡುತ್ತಿದ್ದ. ಅವಳು ಬಾಗಿಲ ಅಗುಳಿ ಹಾಕಿಕೊಂಡಳು.

ಮರುದಿನ ಒಂದು ಹಾಳೆಯಲ್ಲಿ ಗೆರೆ ಎಳೆದಳು. ಊರಿನಲ್ಲಿ ನೂಲು ಎಳೆಯುವವರು ಮೂರು ಕಡೆಯವರು: ಬಿಳಿಯವರು, ನೀಲಿಯವರು, ಕೆಂಪಿನವರು. ಹಳೆಯ ಮನೆಯಲ್ಲಿದ್ದುದು ಕೆಂಪು, ಅಜ್ಜಿಯ ಕಾಲದ್ದು. ಆರಿಸುವ ಪ್ರಸಂಗ ಅವಳಿಗೆ ಹಿಂದೆಂದೂ ಬಂದಿರಲಿಲ್ಲ. ನೀರನ್ನು ಅಳೆದಂತೆಯೇ ಇದನ್ನೂ ಅಳೆದರಾಯಿತು ಎಂದುಕೊಂಡಳು. ಮೇಲಿಂದ ಬಿಟ್ಟ ಕಲ್ಲು ನೆಲ ಮುಟ್ಟುವುದರೊಳಗೆ ಮಾತು ಎಷ್ಟು ದೂರ ಹೋಗುತ್ತದೆ, ಮಳೆಯಲ್ಲಿ ಎಷ್ಟು ಅಕ್ಷರ ಉದುರುತ್ತವೆ, ನೂಲು ಹರಿದರೆ ಎಷ್ಟು ದಿನಕ್ಕೆ ಬರುತ್ತಾರೆ. ಮನೆಮನೆಗೆ ಹೋಗಿ ಹೊಸಿಲು ದಾಟಿ ಕೇಳಿದಳು. ಯಾರ ಮನೆಯಲ್ಲಿ ಯಾವ ನೂಲಿತ್ತೋ ಅವರು ಅದನ್ನೇ ಬೈದರು, ಪಕ್ಕದ ಮನೆಯದು ಚೆನ್ನಾಗಿದೆಯಂತೆ ಎಂದರು. ಪಕ್ಕದ ಮನೆಯವರು ಇವರದು ಚೆನ್ನಾಗಿದೆಯಂತೆ ಎಂದರು.

ಮೂರನೆಯ ದಿನ ಸಂಜೆ ಹಾಳೆ ತುಂಬಿತು. ಅವಳು ಎಲ್ಲವನ್ನೂ ಕೂಡಿಸಿದಳು. ಮೂರು ಸಾಲಿಗೂ ಒಂದೇ ಅಂಕಿ ಬಂತು. ಮತ್ತೆ ಕೂಡಿಸಿದಳು. ಅದೇ ಅಂಕಿ.

ನಾಲ್ಕನೆಯ ದಿನ ಬಿಳಿ ರುಮಾಲಿನ ನೂಲಿನವನು ಬಂದು ಹೊಸಿಲ ಆಚೆ ನಿಂತ. ತಮ್ಮ ನೂಲಿಲ್ಲದ ಮನೆಯೊಳಗೆ ನೂಲಿನವರು ಕಾಲಿಡುವಂತಿಲ್ಲ. ತುಟಿ ಅಲುಗುವುದನ್ನು ಕಂಡು ಅವಳೇ ಹೊರಗೆ ಬಂದಳು. ಅಷ್ಟರಲ್ಲಿ ಅವನು ಅರ್ಧ ಹೇಳಿಯಾಗಿತ್ತು. ಮತ್ತೆ ಮೊದಲಿನಿಂದ ಹೇಳಲಿಲ್ಲ.

ಬಿಳಿ ನೂಲಿನಲ್ಲಿ ಮಾತು ಕಣ್ಣು ಮಿಟುಕಿಸುವುದರೊಳಗೆ ಮುಟ್ಟುತ್ತದಂತೆ. ಮುಟ್ಟುತ್ತದೋ, ಮುಟ್ಟಬಹುದೋ ಎಂದು ಅವಳು ಕೇಳಿದಳು. ಮುಟ್ಟಬಹುದು ಎಂದ. ಯಾರ ಕಣ್ಣು ಎಂದು ಹೇಳಲಿಲ್ಲ. ಎಷ್ಟು ಬೇಕಾದರೂ ಮಾತಾಡಬಹುದಂತೆ, ಮಿತಿಯೇ ಇಲ್ಲವಂತೆ. ಸಾವಿರ ಮಾತಾದ ಮೇಲೆ ಮಾತ್ರ ಮಾತು ಕಾಲ್ನಡಿಗೆಯಲ್ಲಿ ಹೋಗುತ್ತದಂತೆ. ಮೊದಲ ಮೂರು ತಿಂಗಳು ಪ್ರತಿಧ್ವನಿ ಉಚಿತವಂತೆ. ಪ್ರತಿಧ್ವನಿ ಬೇಡ ಎಂದಳು. ಬೇಡವೆಂದರೂ ಬರುತ್ತದೆ ಎಂದ.

ಅವಳು ಹಾಳೆಯನ್ನು ಮಡಿಚಿಟ್ಟು ಒಪ್ಪಿದಳು. ಅವನು ಬೀದಿಯ ತಿರುವಿನ ಬೇವಿನ ಮರದಿಂದ ನೂಲು ಎಳೆದುಕೊಂಡು ಬಂದ. ಅದು ಅವಳ ಕಿಟಕಿಗೆ ಏಳು ಮೊಳ ಇರುವಾಗ ಮುಗಿದುಹೋಯಿತು.

“ನಮ್ಮದು ಇಲ್ಲೀವರೆಗೆ ಮಾತ್ರ ಅಮ್ಮಾ,” ಎಂದ.

“ಏಳು ಮೊಳ ಸೇರಿಸಿ.”

“ಬರೀ ಏಳು ಮೊಳ ಅಂತ ಬರೋದಿಲ್ಲ. ಬಂದ್ರೆ ಇಡೀ ಬೀದಿಗೆ ಬರ್ಬೇಕು. ನೀವು ಮನೆಯನ್ನೇ ಸ್ವಲ್ಪ ಈ ಕಡೆ ತರೋದಕ್ಕಾದ್ರೆ ನೋಡಿ.”

ಅವನು ತಮಾಷೆ ಮಾಡುತ್ತಿರಲಿಲ್ಲ. ನೂಲು ಸುತ್ತಿಕೊಂಡು ಹೋದ.

ನೀಲಿಯವರಿಗೆ ಹೇಳಿಕಳಿಸಿದಳು. ಸೂರ್ಯ ಹುಟ್ಟುವುದಕ್ಕೂ ಮುಳುಗುವುದಕ್ಕೂ ನಡುವೆ ಬರುತ್ತೇವೆ, ಮನೆಯಲ್ಲೇ ಇರಬೇಕು ಎಂದು ಉತ್ತರ ಬಂತು. ಐದನೆಯ ದಿನ ಅವಳು ಮನೆಯಲ್ಲೇ ಇದ್ದಳು. ಯಾರೂ ಬರಲಿಲ್ಲ. ಸಂಜೆ ಬಾಗಿಲು ತೆರೆದಾಗ ಹೊರಗಡೆ ಒಂದು ನೀಲಿ ಚೀಟಿ ಅಂಟಿಸಿತ್ತು: ‘ಬಂದಿದ್ದೆವು. ಮೂರು ಸಲ ಕರೆದೆವು. ನೀವು ಇರಲಿಲ್ಲ.’

ಅದನ್ನು ಅಂಟಿಸಿದವನೂ ಇದೇ ಊರಿನವನು. ಹೊರಗಿನಿಂದ ಕರೆದರೆ ಒಳಗೆ ಕೇಳಿಸದು ಎಂಬುದು ಅವನಿಗೂ ಗೊತ್ತು. ಸೋದರತ್ತೆ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಹಿಂದೆ ಏನೂ ಬರೆದಿರಲಿಲ್ಲ.

ಆರನೆಯ ದಿನ ಬಾಗಿಲು ತೆರೆದಿಟ್ಟು ಅದರ ಎದುರೇ ಕುಳಿತಳು. ಹಾಲು ಉಕ್ಕಿತು. ಇಳಿಸಿ ಬರುವಷ್ಟರಲ್ಲಿ ಇನ್ನೊಂದು ಚೀಟಿ. ಏಳನೆಯ ದಿನ ಹೊಸಿಲ ಮೇಲೆಯೇ ಕುಳಿತಳು, ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. ಬಲಗಿವಿಯಲ್ಲಿ ಬೀದಿ ಕೇಳಿಸಿತು, ಎಡಗಿವಿಯಲ್ಲಿ ಮನೆ. ಆ ದಿನ ಕೆರೆಯ ನೀರನ್ನು ಯಾರೂ ಅಳೆಯಲಿಲ್ಲ. ಅಂದು ನೀಲಿಯವರೂ ಬರಲಿಲ್ಲ. ಅದೇ ಕೊಡೆಯವನು ಸಂಜೆ ಬಂದು, ಎದುರು ನಿಂತು, ಅವಳು ಹೊಸಿಲ ಮೇಲೆ ಕೂತಿರುವುದನ್ನು ಕಂಡು ಎರಡು ಹೆಜ್ಜೆ ಮುಂದಿಟ್ಟ. ಇವನೂ ಏನೋ ಮಾರಲು ಬಂದವನೆಂದು ಅವಳು ಎದ್ದು ಬಾಗಿಲು ಹಾಕಿದಳು.

ಎಂಟನೆಯ ದಿನ ನೀಲಿ ರುಮಾಲು ಬಂತು. ರುಮಾಲಿನ ಕೆಳಗಿದ್ದುದು ಅದೇ ಮುಖ, ಗದ್ದದ ಮೇಲೆ ಅದೇ ಮಚ್ಚೆ.

“ಮೊನ್ನೆ ಬೇವಿನ ಮರದ ತನಕ ಬಂದವರು ನೀವೇ ಅಲ್ವಾ?” ಎಂದಳು.

“ಅವರು ಬಿಳಿಯವರು ಅಮ್ಮಾ. ನಮಗೂ ಅವರಿಗೂ ಸಂಬಂಧ ಇಲ್ಲ,” ಎಂದ ಅವನು, ನಿಷ್ಠುರವಾಗಿ.

ನೀಲಿ ನೂಲಿನಲ್ಲಿ ಇಬ್ಬರು ಒಟ್ಟಿಗೇ ಮಾತಾಡಬಹುದಂತೆ, ಯಾರೂ ಕೇಳಿಸಿಕೊಳ್ಳಬೇಕಾಗಿಲ್ಲವಂತೆ. ಅವಳು ವಾದಿಸಲಿಲ್ಲ. ಅವನು ಕಂಬಕ್ಕೆ ಏಣಿ ಹಾಕಿ ಹತ್ತಿ, ಅಲ್ಲಿದ್ದ ಗಂಟುಗಳಿಗೆಲ್ಲ ಕಿವಿಯಿಟ್ಟು ಕೇಳಿ, ಇಳಿದು ಬಂದು ತಲೆಯಾಡಿಸಿದ. ಹಳೆಯ ಮನೆಯಲ್ಲಿ ಅವಳ ಕೆಂಪು ನೂಲು ಇನ್ನೂ ಉಸಿರಾಡುತ್ತಿದೆ. ಒಬ್ಬರಿಗೆ ಎರಡು ನೂಲಿಲ್ಲ.

ಆಗ ಅವಳಿಗೆ ನೆನಪಾಯಿತು. ಅಣ್ಣನ ಮಾತಿನ ಸಂಭ್ರಮದಲ್ಲಿ ನೂಲಿಗೆ ಬಾಯಿಟ್ಟು ‘ಮುಗಿಯಿತು’ ಎನ್ನಲು ಮರೆತಿದ್ದಳು. ಪಾತ್ರೆಗಳನ್ನು ಮಾತ್ರ ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದ್ದಳು.

ಒಂಬತ್ತನೆಯ ದಿನ ಕೆಂಪಿನವರ ಕಟ್ಟೆಗೆ ಹೋದಳು. ಬಾಗಿಲಲ್ಲಿ ನಗಾರಿಯವನೊಬ್ಬ ನಿಂತು ಸಾರುತ್ತಿದ್ದ: ಹೊಸ ನೂಲು ಬೇಕಾದವರು ಗಂಟೆಯನ್ನು ಒಂದು ಸಲ ಬಾರಿಸಿ, ದೂರು ಇದ್ದವರು ಎರಡು ಸಲ, ಇದನ್ನೇ ಇನ್ನೊಮ್ಮೆ ಕೇಳಬೇಕೆನ್ನುವವರು ಮೂರು ಸಲ. ಬೇಡದ ನೂಲನ್ನು ಬಿಡಿಸಿಕೊಳ್ಳುವವರು ಎಷ್ಟು ಸಲ ಬಾರಿಸಬೇಕೆಂದು ಅವನು ಹೇಳಲಿಲ್ಲ. ಅವಳು ಎರಡು ಸಲ ಬಾರಿಸಿದಳು. ಒಳಗೆ ಒಂದು ಬೆಂಚು. ಬೆಂಚಿನ ಪಕ್ಕ ಪಿಟೀಲಿನವನೊಬ್ಬ ಒಂದೇ ಸಾಲನ್ನು ನುಡಿಸುತ್ತಿದ್ದ. ಸಾಲು ಮುಗಿಯುವ ಹೊತ್ತಿಗೆ ನಿಲ್ಲಿಸಿ, ನೀವು ಕಾಯುತ್ತಿರುವುದು ನಮಗೆ ಬಹಳ ಸಂತೋಷ ಎಂದು ಹೇಳಿ, ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದ. ಅವಳು ಎಣಿಸಿದಳು. ಇನ್ನೂರ ಹದಿನಾಲ್ಕು ಸಲ ನುಡಿಸಿದ ಮೇಲೆ ಸೂರ್ಯ ಮುಳುಗಿದ. ನಾಳೆ ಬನ್ನಿ ಎಂದರು.

ಹತ್ತನೆಯ ದಿನ ನೂರೆಂಟನೆಯ ಸಲಕ್ಕೆ ಒಳಗೆ ಕರೆದರು. ಕೆಂಪು ರುಮಾಲು ಸುತ್ತಿ ಕುಳಿತವನ ಗದ್ದದ ಮೇಲೆ ಮಚ್ಚೆ ಇತ್ತು. ಅವಳು ಅದರ ಬಗ್ಗೆ ಏನೂ ಕೇಳಲಿಲ್ಲ.

ಅದೇ ನೂಲನ್ನು ಹೊಸ ಮನೆಗೆ ಎಳೆದುಕೊಡಿ ಎಂದಳು. ಕೊಡಬಹುದು, ಆದರೆ ಹಾಗೆಂದು ಹೊಸ ಮನೆಯಿಂದ ನೂಲಿನಲ್ಲೇ ಕೇಳಬೇಕು ಎಂದ. ಹೊಸ ಮನೆಯಲ್ಲಿ ನೂಲಿಲ್ಲ ಎಂದಳು. ಅದಕ್ಕೇ ಎಳೆದುಕೊಡಿ ಎನ್ನುತ್ತಿದ್ದೀರಲ್ಲ ಎಂದ. ಹಾಗಾದರೆ ಅದನ್ನು ಕತ್ತರಿಸಿ, ನೀಲಿಯಾದರೂ ಕಟ್ಟಿಸಿಕೊಳ್ಳುತ್ತೇನೆ ಎಂದಳು. ಕತ್ತರಿಸಬೇಕಾದರೆ ಅವಳೇ ಹಳೆಯ ಮನೆಗೆ ಬಂದು, ಕತ್ತರಿಯವನ ಎದುರು, ನೂಲಿಗೆ ಬಾಯಿಟ್ಟು ಮೂರು ಸಲ ಹೇಳಬೇಕು. ಕತ್ತರಿಯವನು ಸಿಗುವುದು ನಾಡಿದ್ದು. ಬೆಳಿಗ್ಗೆ.

ನಾಡಿದ್ದು ಎಂದರೆ ಹನ್ನೆರಡನೆಯ ದಿನ.

“ಅಷ್ಟರೊಳಗೆ ನಮ್ಮಣ್ಣ ಆ ನೂಲಿನಲ್ಲಿ ಕರೆದರೆ?”

“ನೀವಿಲ್ಲದ ಮನೇಲಿ ನಿಮ್ಮ ನೂಲು ಮೂಕ ಅಮ್ಮಾ. ಸುಮ್ನೆ ಅಲ್ಲಿಗೆ ಹೋಗಿ ಯಾಕೆ ದಣೀತೀರಿ?”

ಅವಳು ಅದನ್ನು ಹಾಳೆಯಲ್ಲಿ ಬರೆದುಕೊಂಡಳು. ಕೆರೆಯಲ್ಲಿ ನೀರಿದೆ ಎಂದು ಯಾರಾದರೂ ಹೇಳಿದರೆ ಕೋಲು ಇಳಿಸದೆ ನಂಬುವವಳಲ್ಲ. ಈ ಒಂದು ಮಾತನ್ನು ಮಾತ್ರ ಅವಳು ಪರೀಕ್ಷಿಸಲಿಲ್ಲ.

ಹನ್ನೊಂದನೆಯ ದಿನ ಹೆಜ್ಜೆ ಎಣಿಸಿದಳು. ಹಳೆಯ ಮನೆಯಿಂದ ನೀಲಿಯವರ ಕಟ್ಟೆಗೆ ಎಂಟುನೂರು ಹೆಜ್ಜೆ, ಅಲ್ಲಿಂದ ಹೊಸ ಮನೆಗೆ ಆರುನೂರು. ಬೆಳಿಗ್ಗೆಯೇ ‘ಮುಗಿಯಿತು’ ಎಂದು ಹೇಳಿ, ಕೆಂಪಿನವರ ಚೀಟಿ ಹಿಡಿದು ಓಡಿದರೆ, ನೀಲಿಯವನು ಏಣಿ ಹಿಡಿದು ಹಿಂದೆಯೇ ಬಂದರೆ, ಗಂಟು ಮೊದಲ ಸಲಕ್ಕೇ ಬಿಗಿದರೆ, ಮಧ್ಯಾಹ್ನಕ್ಕೆ ಉಸಿರೆರಡು ಮುಂಚೆ ಅವಳ ತುಟಿ ನೂಲಿಗೆ ತಾಗುತ್ತದೆ. ಮೂರು ‘ರೆ’ಗಳನ್ನು ಅವಳು ಅಡಿಗೆರೆ ಎಳೆದು ಇಟ್ಟಳು.

ಹನ್ನೆರಡನೆಯ ದಿನ ಬೆಳಿಗ್ಗೆ ಹಳೆಯ ಮನೆಯ ಮುಂದೆ ನಿಂತಳು. ಕತ್ತರಿಯವನು ಇನ್ನೂ ಬಂದಿರಲಿಲ್ಲ. ಸೂರ್ಯ ಮರದಷ್ಟು ಏರಿದ. ಬರಲಿಲ್ಲ. ಮನೆಯೊಳಗೆ ಹೊಸದಾಗಿ ಬಂದ ಬಾಡಿಗೆಯವಳು ಕುಳಿತು ಹಪ್ಪಳ ಒತ್ತುತ್ತಿದ್ದಳು. ಹಪ್ಪಳ ಮಾಡಿ ಬದುಕುವವಳು. ಅವಳ ತುಟಿ ಅಲುಗುತ್ತಿತ್ತು. ಯಾರ ಜೊತೆ ಮಾತಾಡುತ್ತಿದ್ದಾಳೆ? ಮನೆಯಲ್ಲಿ ಬೇರೆ ಯಾರೂ ಕಾಣಲಿಲ್ಲ. ಸೋದರತ್ತೆ ಹೊಸಿಲು ದಾಟಿದಳು.

“...ಬರ್ತಾಳೆ ಬಿಡಪ್ಪ, ಇನ್ನೂ ಹೊತ್ತಿದೆ,” ಎನ್ನುತ್ತಿದ್ದಳು ಹಪ್ಪಳದವಳು, ಕಿಟಕಿಯ ಕಡೆ ಮುಖ ಮಾಡಿ. “ನಿನ್ನೆನೂ ಹೀಗೇ ಗೋಳಾಡ್ದೆ.”

ಕಿಟಕಿಯಲ್ಲಿ ಕೆಂಪು ನೂಲು ಮಿಡಿಯುತ್ತಿತ್ತು. ಅದರಿಂದ ಬಂದದ್ದು ಅಣ್ಣನ ದನಿ.

ಸೋದರತ್ತೆ ಕಿಟಕಿಯತ್ತ ಹೆಜ್ಜೆ ಇಟ್ಟಳು. ಹಪ್ಪಳದವಳು ತಿರುಗಿ ನೋಡಿದಳು.

“ಬಂದ್ಯಾ? ಹನ್ನೊಂದು ದಿನದಿಂದ ನಿಮ್ಮಣ್ಣನಿಗೆ ಸಮಾಧಾನ ಹೇಳಿ ಹೇಳಿ ನನ್ನ ಬಾಯಿ ಒಣಗೋಯ್ತು. ನಮ್ಮ ಹಪ್ಪಳದ ಹದ ಈಗ ಅವನಿಗೂ ಗೊತ್ತು.”

ನನಗೆ ಒಂದು ಮಾತು ಹೇಳಿಕಳಿಸಬಾರದಿತ್ತೇ ಎಂದು ಸೋದರತ್ತೆ ಕೇಳಿದಳು.

“ಯಾವ ಮನೆಗೆ ಹೋಗಿದ್ದೀಯ ಅಂತ ನನಗೇನು ಕನಸು ಬೀಳುತ್ತಾ? ನೀನೇ ಬರ್ತೀಯ ಅಂದ್ಕೊಂಡೆ. ಮನೆ ಬಿಟ್ಟೋರೆಲ್ಲ ಬರ್ತಾರಲ್ಲ.”

ಅದರ ಅರ್ಥ ಕೇಳುವ ವ್ಯವಧಾನ ಸೋದರತ್ತೆಗಿರಲಿಲ್ಲ. ನೂಲಿಗೆ ಬಾಯಿಟ್ಟು, ಅಣ್ಣಾ, ಬಂದೆ ಎಂದಳು. ಆ ಕಡೆ ಅಣ್ಣ ಮೂಗು ಒರೆಸಿಕೊಳ್ಳುವ ಸದ್ದು ಬಂತು. ಆಮೇಲೆ, ಎದ್ದು ಹೋಗಬೇಡ, ಅಲ್ಲೇ ಇರು, ಅರಿಶಿನದ ಬಟ್ಟಲು ಇಲ್ಲೇ ಇದೆ ಎಂದ.

ಆಗ ಕತ್ತರಿಯವನು ಬಂದ. ಕೆಂಪು ರುಮಾಲು, ಮಚ್ಚೆ, ಸೊಂಟದಲ್ಲಿ ಚರ್ಮದ ಚೀಲದೊಳಗೆ ಕತ್ತರಿ. ಈ ಮನೆಯಲ್ಲಿ ಅವನ ನೂಲಿತ್ತು, ಆದ್ದರಿಂದ ಒಳಗೇ ಬಂದ. ಕಿಟಕಿಯ ಪಕ್ಕ ನಿಂತು ಪದ್ಧತಿಯಂತೆ ಕೇಳಿದ:

“ಮಾತು ಮುಗಿಯಿತೇ?”

ಸೋದರತ್ತೆ ಕಿಟಕಿಯಿಂದ ಸೂರ್ಯನನ್ನು ನೋಡಿದಳು. ಈಗ ಮೂರು ಸಲ ಹೇಳಿ ಓಡಿದರೆ ಸಾವಿರದ ನಾನೂರು ಹೆಜ್ಜೆ, ಮೂರು ‘ರೆ’. ಕೈಯಲ್ಲಿ ಮಿಡಿಯುತ್ತಿರುವ ನೂಲು.

“ಇಲ್ಲ,” ಎಂದಳು.

ಮಧ್ಯಾಹ್ನದೊಳಗೆ ತನಗೆ ಇನ್ನೂ ನಾಲ್ಕು ಮನೆ ಇವೆ ಎಂದ ಅವನು. ಇಂದು ಬಿಟ್ಟರೆ ಮತ್ತೆ ಗಂಟೆ ಬಾರಿಸಿ ಬೆಂಚಿನಿಂದ ಶುರು, ಅಲ್ಲಿಯವರೆಗೆ ಹೊಸ ಮನೆಗೆ ಯಾವ ಬಣ್ಣದ ನೂಲೂ ಇಲ್ಲ ಎಂದ. ಅವಳು ಕೇಳಿಸಿಕೊಂಡಳು, ನೂಲು ಬಿಡಲಿಲ್ಲ. ಅವನು ಗೋಡೆಗೆ ಒರಗಿ ಕುಳಿತ. ಸ್ವಲ್ಪ ಹೊತ್ತಿಗೊಮ್ಮೆ ಕೇಳಿದ.

“ಮಾತು ಮುಗಿಯಿತೇ?”

“ಇಲ್ಲ.”

ನೆರಳು ಗಿಡ್ಡವಾಯಿತು. ಆ ಕಡೆ ಮಗುವನ್ನು ನೂಲಿನ ಬಳಿ ತಂದರು. ಬಾಗಿಲುಗಳನ್ನೆಲ್ಲ ಬಟ್ಟೆ ಸುತ್ತಿ ಬಿಗಿದಿದ್ದೇವೆ, ಗಡಿಯಾರ ನಿಲ್ಲಿಸಿದ್ದೇವೆ, ಕೋಳಿಗಳನ್ನು ಪಕ್ಕದ ಬೀದಿಗೆ ಕಳಿಸಿದ್ದೇವೆ ಎಂದ ಅಣ್ಣ.

“ಮಾತು ಮುಗಿಯಿತೇ?”

“ಇಲ್ಲ.”

ಹಸಿದವನ ಮುಖ ನೋಡಲಾರದೆ ಹಪ್ಪಳದವಳು ಕೆಂಡದ ಮೇಲೆ ಒಂದು ಹಪ್ಪಳ ಸುಟ್ಟು ಅವನ ಕೈಗೆ ಕೊಟ್ಟಳು. ಅದು ಅವಳ ಸ್ವಭಾವ, ಬಂದವರ ಕೈಗೆ ಹಪ್ಪಳ ಇಡದಿದ್ದರೆ ಅವಳಿಗೆ ಸಮಾಧಾನವಿಲ್ಲ. ಕಿಟಕಿಯ ಸರಳುಗಳ ನೆರಳು ಗೋಡೆಯ ಬುಡಕ್ಕೆ ಬಂದು ನಿಂತಿತು. ಆ ಕಡೆ ಎಲ್ಲ ಸ್ತಬ್ಧವಾಯಿತು. ಎಂದೂ ಕೇಳದ ಒಂದು ಪುಟ್ಟ ಉಸಿರು ನೂಲಿನ ತುದಿಗೆ ಬಂದು ನಿಂತು ಕಾಯುತ್ತಿರುವುದು ಸೋದರತ್ತೆಗೆ ಕೇಳಿಸಿತು. ಅವಳು ಬಾಯಿ ತೆರೆದಳು.

ಕಣ್ಣಂಚಿನಲ್ಲಿ ಕತ್ತರಿಯವನು ಬಾಯಿ ತೆರೆದ. ಹಪ್ಪಳ ಅವನ ಹಲ್ಲುಗಳ ನಡುವೆ ಇತ್ತು.

ಅವಳ ಕಣ್ಣು ಹಪ್ಪಳದ ಮೇಲೆ ನಿಂತಿತು. ಒಂದು ಹೆಣ್ಣುಮಗು ಜೀವನಪೂರ್ತಿ ಹಪ್ಪಳ ಮುರಿದ ಸದ್ದಾಗಿ ಬದುಕುವುದು, ಅವಳ ಹಾಜರಿ ಕರೆಯಲು ಮೇಷ್ಟ್ರು ಡಬ್ಬದಿಂದ ಹಪ್ಪಳ ತೆಗೆಯುವುದು, ಎಲ್ಲವೂ ಒಂದು ಕ್ಷಣದಲ್ಲಿ ಕಣ್ಣ ಮುಂದೆ ಬಂತು. ಅಷ್ಟರಲ್ಲಿ ಹಪ್ಪಳದವಳು ಹಿಟ್ಟಿನ ಎರಡೂ ಕೈಗಳಿಂದ ಅವನ ದವಡೆ ಹಿಡಿದಳು. ಮೇಲಿಂದ ಒಂದು ಕೈ, ಕೆಳಗಿಂದ ಒಂದು ಕೈ. ದವಡೆ ತೆರೆದಂತೆಯೇ ನಿಂತಿತು.

ಸೋದರತ್ತೆ ಹೆಸರು ಹೇಳಿದಳು. ಮೂರು ಸಲ, ಒಂದೊಂದೂ ಬಿಡಿಬಿಡಿಯಾಗಿ. ಆ ಹೆಸರು ಏನೆಂದು ಆ ಮನೆಯಲ್ಲಿದ್ದ ಉಳಿದಿಬ್ಬರಿಗೂ ಗೊತ್ತು. ಕಿವಿಯಲ್ಲಿ ಹೇಳಿದ್ದನ್ನು ಅವರು ಬೇರೆಲ್ಲೂ ಹೇಳಿಲ್ಲ.

ಆ ಕಡೆ ಮಗು ಅತ್ತಿತು. ಅಣ್ಣ ಆ ಹೆಸರನ್ನು ಒಮ್ಮೆ ತಾನೇ ಹೇಳಿ ನೋಡಿದ. ಮತ್ತೆ ಹೇಳಿದ. ಬಾಯಿಂದಲೇ ಹೇಳಬಹುದು ಕಣೇ, ಎದ್ದು ಹೋಗಬೇಕಾಗಿಲ್ಲ ಎಂದ.

ಹಪ್ಪಳದವಳು ಕೈ ತೆಗೆದಳು. ಹಪ್ಪಳ ಮುರಿಯಿತು. ಕತ್ತರಿಯವನು ಅದನ್ನು ಅಗಿದು ನುಂಗಿ, ಗದ್ದದ ಹಿಟ್ಟು ಒರೆಸಿಕೊಂಡು, ಬೇಸರವಿಲ್ಲದೆ ಕೇಳಿದ.

“ಮಾತು ಮುಗಿಯಿತೇ?”

“ಇಲ್ಲ,” ಎಂದಳು ಸೋದರತ್ತೆ. “ಈಗಿನ್ನೂ ಶುರುವಾಗಿದೆ. ಅವಳು ದೊಡ್ಡವಳಾಗಬೇಕು.”

“ಹಾಗಾದ್ರೆ ಹೊಸ ಮನೆಗೆ ನೂಲು ಸಿಗೋದಿಲ್ಲ.”

“ಬೇಡ.”

ಅವನು ಚೀಲದಿಂದ ಕತ್ತರಿ ತೆಗೆದು ತೋರಿಸಿದ. ಎರಡು ಅಲಗುಗಳೂ ತುಕ್ಕು ಹಿಡಿದು ಒಂದಕ್ಕೊಂದು ಅಂಟಿಕೊಂಡಿದ್ದವು.

“ಹನ್ನೊಂದು ವರ್ಷ ಆಯ್ತಮ್ಮಾ,” ಎಂದ. “ಎಲ್ಲಾ ಮನೇಲೂ ಕೇಳ್ತೀನಿ. ಇನ್ನೂ ಒಂದೂ ಕತ್ತರಿಸಿಲ್ಲ.”

ಮುಂದಿನ ಮನೆಗೆ ಹೊರಟ. ಹೋಗುವಾಗ ಇನ್ನೊಂದು ಹಪ್ಪಳ ಇಸಿದುಕೊಂಡ.

ಹಪ್ಪಳದವಳು ಬೀಗದ ಕೈಯನ್ನು ಹೊರಗೋಡೆಯ ಗೂಡಿನಲ್ಲಿಟ್ಟು ತೋರಿಸಿದಳು. ಸಂಜೆಯ ಹೊತ್ತು ತಾನು ಮನೆಯಲ್ಲಿರುವುದಿಲ್ಲ, ಬಂದು ಬಾಗಿಲು ತೆಗೆದುಕೊಂಡು ಮಾತಾಡಿ ಹೋಗಬಹುದು ಎಂದಳು. ಎಲ್ಲಿಗೆ ಹೋಗುತ್ತೀರಿ ಎಂದು ಸೋದರತ್ತೆ ಕೇಳಿದಳು.

“ನನ್ನ ಹಳೇ ಮನೆಗೆ. ನನ್ನ ನೂಲು ಅಲ್ಲಿದೆಯಲ್ಲ. ನಮ್ಮಕ್ಕ ಕಾಯ್ತಿರ್ತಾಳೆ.”

“ಅಲ್ಲಿ ಇರುವವರು?”

“ಅವರು ಅವರ ಹಳೇ ಮನೆಗೆ ಹೋಗಿರ್ತಾರೆ.” ಹಪ್ಪಳದವಳು ಅವಳನ್ನು ಕನಿಕರದಿಂದ ನೋಡಿದಳು. “ನೀನು ಇದೇ ಮೊದಲ ಸಲ ಮನೆ ಬದಲಾಯ್ಸಿದ್ದು, ಅಲ್ವಾ?”

ಸೋದರತ್ತೆ ಬೀದಿಗೆ ಬಂದಳು. ಹೊತ್ತು ಇಳಿಯುತ್ತಿತ್ತು. ಜನ ಮನೆಗಳಿಂದ ಹೊರಬಿದ್ದು, ತಲೆ ತಗ್ಗಿಸಿ, ಬೇರೆ ಬೇರೆ ಮನೆಗಳ ಕಡೆ ನಡೆಯುತ್ತಿದ್ದರು. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಮುಗಿಯಿತು ಎನ್ನದೆ ಬಂದವರೆಂದು ಒಪ್ಪಿಕೊಳ್ಳಲು ಎಲ್ಲರಿಗೂ ನಾಚಿಕೆ. ಗೂಡುಗಳಿಂದ ಬೀಗದ ಕೈ ತೆಗೆಯುವ ಸದ್ದು ಬೀದಿಯುದ್ದಕ್ಕೂ ಕೇಳಿಸುತ್ತಿತ್ತು. ಗಾಳಿ ಸೇವನೆ ಎಂದಿದ್ದಳು ಅಜ್ಜಿ. ಅಜ್ಜಿ ಎಲ್ಲಿಗೆ ಹೋಗುತ್ತಿದ್ದಳೆಂದು ಅವಳು ಒಂದು ದಿನವೂ ಕೇಳಿರಲಿಲ್ಲ.

ಅವಳು ನಡಿಗೆ ಚುರುಕು ಮಾಡಿದಳು. ಆಮೇಲೆ ಓಡಿದಳು. ಈ ಸಲ ಹೆಜ್ಜೆ ಎಣಿಸಲಿಲ್ಲ.

ಹೊಸ ಮನೆಯ ಎದುರು ಗೋಡೆಗೆ ಒರಗಿ ಕೊಡೆಯವನು ನಿಂತಿದ್ದ. ಹನ್ನೆರಡನೆಯ ಸಂಜೆ. ಅವಳು ಬೀಗ ತೆಗೆದು, ಬಾಗಿಲನ್ನು ಪೂರ್ತಿ ತೆರೆದು, ಅವನ ಕಡೆ ತಿರುಗಿದಳು.

“ಈ ಮನೆಯಲ್ಲಿ ಮೊದಲು ಇದ್ದವರು ನೀವೇ ಅಲ್ವಾ?”

ಅವನು ಕೊಡೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ.

“ತೊಂದರೆ ಇಲ್ದಿದ್ರೆ,” ಎಂದ. “ಒಂದೇ ನಿಮಿಷ ಸಾಕು. ನನ್ನ ಹೆಂಡತಿ ತವರಿನಲ್ಲಿದ್ದಾಳೆ. ಹುಷಾರಿಲ್ಲ ಅವಳಿಗೆ.”

ಅವಳು ಪಕ್ಕಕ್ಕೆ ಸರಿದಳು. ಅವನು ಚಪ್ಪಲಿ ಬಿಟ್ಟು, ಕೊಡೆಯನ್ನು ಮೂಲೆಗಿಟ್ಟು, ನೇರವಾಗಿ ಕಿಟಕಿಗೆ ಹೋದ. ದಾರಿ ಯಾರೂ ತೋರಿಸಬೇಕಾಗಿರಲಿಲ್ಲ. ಅವನ ಮಾತು ಕೇಳಬಾರದೆಂದು ಸೋದರತ್ತೆ ಹೊರಗೆ ಬಂದು ಜಗುಲಿಯ ಮೇಲೆ ನಿಂತಳು. ಜೇಬಿನಿಂದ ಮನೆಯ ವಸ್ತುಗಳ ಪಟ್ಟಿ ತೆಗೆದು, ‘ಗಾಳಿ’ ಎಂದಿದ್ದರ ಮೇಲೆ ಒಂದು ಗೆರೆ ಎಳೆದಳು.

ಬೀದಿಯ ತಿರುವಿನಿಂದ ನೂಲಿನವನು ಏಣಿ ಹೊತ್ತು ಬಂದ. ಈಗ ರುಮಾಲು ಹಳದಿ. ಮಚ್ಚೆಯ ಪಕ್ಕ ಇನ್ನೂ ಸ್ವಲ್ಪ ಹಪ್ಪಳದ ಹಿಟ್ಟಿತ್ತು.

“ಹೊಸ ಮನೆಗೆ ಬಂದಿದ್ದೀರಂತೆ ಅಮ್ಮಾ,” ಎಂದ. ಅವಳನ್ನು ಜನ್ಮದಲ್ಲಿ ಮೊದಲ ಸಲ ನೋಡಿದವನಂತೆ ನಕ್ಕ. “ನಮ್ಮದು ಹೊಸದಾಗಿ ಬಂದಿರೋ ಹಳದಿ ನೂಲು. ಮಾತು ಆಡೋದಕ್ಕೆ ಮೊದಲೇ ಮುಟ್ಟುತ್ತೆ. ಮೊದಲ ಆರು ತಿಂಗಳು ಪ್ರತಿಧ್ವನಿ...”

ಸೋದರತ್ತೆ ಕಾಲೆತ್ತಿ ಹೊಸಿಲು ದಾಟಿ ಒಳಗೆ ನಿಂತಳು.

ಆಚೆ ಅವನ ತುಟಿ ಅಲುಗುತ್ತಲೇ ಇತ್ತು. ತನ್ನ ದರಪಟ್ಟಿಯನ್ನು ಬಿಚ್ಚಿದ, ಕೈ ಆಡಿಸಿದ, ಬೆರಳು ಮಡಿಚಿ ಎಣಿಸಿದ.

ಒಳಗೆ ಕೊಡೆಯವನು ನೂಲಿಗೆ ತುಟಿ ತಾಗಿಸಿ, ಮೆಲ್ಲಗೆ ಕೇಳುತ್ತಿದ್ದ.

“ಊಟ ಆಯ್ತಾ?”